ಫಲಿಸದ ಪ್ರಯತ್ನದ ನಂತರ

ಸಂತಾನಾಪೇಕ್ಷೆಯಿಂದ ಚಿಕಿತ್ಸೆ ಮಾಡಿಸಿಕೊಂಡು ನಿರಾಶರಾಗಿ ಮರಳಿದ ದಂಪತಿಗಳು ನಮ್ಮ ಸಮಾಜದಲ್ಲಿ ಅನೇಕರಿದ್ದಾರೆ. ಐ.ವಿ.ಎಫ್. ಎನ್ನಲಾಗುವ ಪ್ರನಾಳಶಿಶು ವಿಧಾನದಿಂದ ಮೊದಲ ಶಿಶು ಜನಿಸಿದ್ದು 1978ರಲ್ಲಿ. ದಿನದಿನವೂ ಸೂಜಿಮದ್ದು, ಅಂಡಸಂಗ್ರಹ, ಭ್ರೂಣಸ್ಥಾಪನೆ, ಬಳಿಕ ಸುಮಾರು ಎರಡು ವಾರಗಳ ಕಾತರ. ಇಷ್ಟಾದರೂ ಒಂದು ಸಲದ ಪ್ರಯತ್ನವು ಫಲಿಸದಿರುವುದೇ ಹೆಚ್ಚು. ಸ್ತ್ರೀಯ ವಯಸ್ಸು ಏರಿದಂತೆ ಸಾಫಲ್ಯವು ಇನ್ನೂ ಕುಗ್ಗುತ್ತದೆ. ಆಗ ಮನೆಯಲ್ಲಿ ಏಳುವ ಪ್ರಶ್ನೆ: "ತಪ್ಪು ಯಾರದು?"

ಗೀತೆಯ 18ನೆಯ ಅಧ್ಯಾಯವು ಕಾರ್ಯಸಿದ್ಧಿಗೆ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣಗಳು, ಚೇಷ್ಟೆಗಳು, ಐದನೆಯದಾಗಿ ದೈವ. ಜೀವನು ಕರ್ತೃವೇ ಹೌದು, ಆದರೆ ಅವನ ಕರ್ತೃತ್ವವು ಪರಾಧೀನವೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಹೀಗಿರುವಲ್ಲಿ ಫಲಾಭಾವದ ಹೊಣೆಯನ್ನು ಸೊಸೆಯೊಬ್ಬಳ ತಲೆಗೆ ಕಟ್ಟುವುದು ನ್ಯಾಯವೆ? ಕಾರಣವು ಪುರುಷನಲ್ಲಿಯೂ ಇರಬಹುದೆಂದು ವೈದ್ಯರು ಹೇಳುತ್ತಾರೆ. "ಪೂರ್ವಕರ್ಮ" ಎಂದು ತೀರ್ಪು ಕೊಡುವವರು ಒಂದನ್ನು ನೆನೆಯಬೇಕು. ಅದೃಷ್ಟವೆಂದರೆ ಕಾಣದುದು, ಪರರ ಅದೃಷ್ಟವನ್ನು ಕಂಡವರಂತೆ ನುಡಿಯುವ ಅಧಿಕಾರ ನಮಗಿಲ್ಲ.

ಪಾಜಕದ ಮಧ್ಯಗೇಹ ಭಟ್ಟ ದಂಪತಿಗಳು ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡು, 12 ವರ್ಷ ಉಡುಪಿಯ ಅನಂತೇಶ್ವರನನ್ನು ಸೇವಿಸಿದ ಬಳಿಕ ಶ್ರೀಮದಾಚಾರ್ಯರನ್ನು ಪಡೆದರೆಂದು ಸುಮಧ್ವವಿಜಯದಿಂದ ತಿಳಿಯುತ್ತೇವೆ. ಇದನ್ನು ಹೇಳಿ "ನೀವೂ ಸೇವೆ ಮಾಡಿ, ಆಗಿಯೇ ಆಗುತ್ತದೆ" ಎನ್ನುವುದು ವಾಡಿಕೆ. ಆದರೆ ಚರಿತ್ರೆ ಅಲ್ಲಿಗೆ ಮುಗಿಯಲಿಲ್ಲ. ಆಚಾರ್ಯರು ಎಳೆಯ ವಯಸ್ಸಿನಲ್ಲಿಯೇ ಸಂನ್ಯಾಸ ಸ್ವೀಕರಿಸಿದರು. ತಮ್ಮನೂ ಮುಂದೆ ವಿಷ್ಣುತೀರ್ಥರೆನಿಸಿ ಸೋದೆ ಮಠದ ಮೂಲಯತಿಗಳಾದರು. ಬೇಡಿ ಪಡೆದ ಮಕ್ಕಳೂ ಮನೆಯ ಸೊತ್ತಾಗಿ ಉಳಿಯಲಿಲ್ಲ. ಸಂತಾನವು ಸೇವೆಗೆ ಸಲ್ಲುವ ಕೂಲಿಯಲ್ಲ, ಹರಿಯ ಇಚ್ಛೆ. ಆದುದರಿಂದ ಅದು ದೊರೆಯದಿದ್ದರೆ ಸೇವೆಯಲ್ಲಿ ಕೊರತೆಯಿತ್ತೆಂದು ಅರ್ಥವಲ್ಲ.

ದುಃಖಪಡುವುದು ಭಕ್ತಿಯ ಲೋಪವಲ್ಲ. ಮಗನ ಸಂನ್ಯಾಸಕ್ಕೆ ಮಧ್ಯಗೇಹ ಭಟ್ಟರೂ ಮರುಗಿದರು. ಕೆಲಕಾಲ ಅಳಲಿ, ವಿಶ್ರಮಿಸಲಿ. ಮತ್ತೆ ಪ್ರಯತ್ನಿಸುವುದೋ, ನಿಲ್ಲಿಸುವುದೋ, ದತ್ತು ಸ್ವೀಕರಿಸುವುದೋ ಎಂಬುದನ್ನು ದೇಹಬಲ, ಧನಬಲಗಳನ್ನು ನೋಡಿ ಆ ದಂಪತಿಗಳೇ ನಿಶ್ಚಯಿಸಲಿ. ನಿಲ್ಲಿಸುವುದು ಸೋಲಲ್ಲ. ಹಿರಿಯರಾದವರು "ಏನಾದರೂ ವಿಶೇಷವೆ?" ಎಂದು ಕೇಳುವುದನ್ನು ಬಿಡಬೇಕು. ಸೀಮಂತದ ಆರತಿಗೆ ಆಕೆಯನ್ನೂ ಕರೆಯಬೇಕು. ಬರುವುದು ಬಿಡುವುದು ಆಕೆಯ ಮನಸ್ಸಿಗೆ ಸೇರಿದ್ದು.

ಫಲಿಸಿದ ಕರ್ಮವನ್ನು ಅರ್ಪಿಸುವಂತೆ ಫಲಿಸದ ಪ್ರಯತ್ನವನ್ನೂ ಭಗವಂತನಿಗೆ ಅರ್ಪಿಸಬಹುದು. ಅವನು ಎರಡನ್ನೂ ಸ್ವೀಕರಿಸುತ್ತಾನೆ.

॥ ಶ್ರೀಕೃಷ್ಣಾರ್ಪಣಮಸ್ತು ॥