ಮನೋರೋಗಕ್ಕೆ ಔಷಧಿಯೂ ಅನುಷ್ಠಾನವೂ

ಮನೋರೋಗಕ್ಕಾಗಿ ಮಾತ್ರೆ ಸೇವಿಸುವವರು ಏಕಾದಶಿಯಂದು ಅದನ್ನು ಬಿಡಬೇಕೇ, ಸೇವಿಸಿದರೆ ವ್ರತಭಂಗವಾಗುವುದೇ ಎಂದು ಗಿಂಡಿಯಲ್ಲಿ ನೆಲೆಸಿರುವ ನಮ್ಮವರೊಬ್ಬರು ಕೇಳಿದ್ದಾರೆ. ಅವರ ಮಗನಿಗೆ ಲಿಥಿಯಂ ಎಂಬ ಔಷಧಿ ನಡೆಯುತ್ತಿದೆ. ಊರಿನಿಂದ ಬಂದ ಹಿರಿಯರು, "ರಾಯರ ಮೇಲೆ ಭಾರ ಹಾಕಿದ ಮೇಲೆ ಮಾತ್ರೆಯೇಕೆ?" ಎಂದರಂತೆ. ವ್ರತದ ಪ್ರಶ್ನೆಗಿಂತ ಹಿರಿಯರ ಈ ಪ್ರಶ್ನೆಯೇ ಗಹನವಾದುದರಿಂದ ಅದನ್ನು ಮೊದಲು ವಿಚಾರಿಸೋಣ.

ನಮ್ಮ ಗಿಂಡಿಯಲ್ಲಿಯೇ ಇರುವ ಕಿಂಗ್ ಇನ್‌ಸ್ಟಿಟ್ಯೂಟ್ ೧೮೯೯ರಲ್ಲಿ ಸ್ಥಾಪಿತವಾದದ್ದು ಸಿಡುಬಿನ ಲಸಿಕೆಯನ್ನು ತಯಾರಿಸುವುದಕ್ಕಾಗಿ. ಸಿಡುಬನ್ನು 'ಅಮ್ಮ' ಎಂದು ಕರೆದು, ಬೇವಿನ ಸೊಪ್ಪು ಕಟ್ಟಿ, ಹರಕೆ ಹೊರುತ್ತಿದ್ದ ಜನರೇ ಕ್ರಮೇಣ ಮಕ್ಕಳ ತೋಳಿಗೆ ದಾಕು ಹಾಕಿಸಿದರು. ೧೯೭೫ರ ನಂತರ ಆ ರೋಗ ನಮ್ಮ ದೇಶದಲ್ಲಿ ಕಂಡಿಲ್ಲ. ದೇವಿಯ ಪೂಜೆ ನಿಲ್ಲಲಿಲ್ಲ. ದಾಕು ಹಾಕಿಸಿದವರನ್ನು ಯಾರೂ ನಾಸ್ತಿಕರೆನ್ನಲಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಂಡು ಸಂಧ್ಯಾವಂದನೆಗೆ ಕೂರುವವರು ನಮ್ಮಲ್ಲಿ ಎಷ್ಟೋ ಮಂದಿ. ಮನಸ್ಸಿನ ರೋಗಕ್ಕೆ ಮಾತ್ರ ಬೇರೆ ನ್ಯಾಯವೇಕೆ?

ಮನಸ್ಸೆಂದರೆ ನಾವೇ ಎಂದು ಭಾವಿಸಿರುವುದರಿಂದ. ಮನಸ್ಸು ಕೆಟ್ಟರೆ ಮನುಷ್ಯನೇ ಕೆಟ್ಟನೆಂದೂ, ಭಕ್ತಿ ಸಾಲದೆಂದೂ, ಮನೆತನಕ್ಕೆ ಕಳಂಕವೆಂದೂ ಎಣಿಸುತ್ತೇವೆ. ನಮ್ಮ ಸಿದ್ಧಾಂತವಾದರೋ ಪ್ರಾಕೃತವಾದ ಈ ಮನಸ್ಸನ್ನು ಕಣ್ಣು ಕಿವಿಗಳಂತೆ ಒಂದು ಇಂದ್ರಿಯವೆಂದೇ ಹೇಳುತ್ತದೆ. ಅದು ಜೀವನಿಗೆ ದತ್ತವಾದ ಸಾಧನವೇ ಹೊರತು ಜೀವನ ಸ್ವರೂಪವಲ್ಲ. ಕಣ್ಣಿಗೆ ಪೊರೆ ಬಂದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವನು ಮನಸ್ಸಿಗೆ ರೋಗ ಬಂದಾಗ ನಾಚಬೇಕಾದ ಕಾರಣ ನಮಗೆ ತೋರುವುದಿಲ್ಲ. ಧನ್ವಂತರಿಯನ್ನು ಶ್ರೀಹರಿಯ ರೂಪವೆಂದು ಪೂಜಿಸುವವರು ಔಷಧಿಯನ್ನು ದೇವರಿಗೆ ಪ್ರತಿಸ್ಪರ್ಧಿಯೆಂದು ತಿಳಿಯುವುದಂತೂ ವಿಚಿತ್ರವೇ ಸರಿ.

ಹಾಗೆಂದು ಮಾತ್ರೆಯೊಂದರಿಂದಲೇ ಎಲ್ಲವೂ ಸರಿಹೋಗುವುದೆಂದು ನಾವು ಹೇಳುತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯದಲ್ಲಿ ಬಂದು ತಂಗಿದ್ದ ೩೧ ಮಂದಿ ರೋಗಿಗಳನ್ನು ಪರೀಕ್ಷಿಸಿ, ೨೦೦೨ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಪ್ರಕಟಿಸಿದರು. ಸುಮಾರು ಆರು ವಾರಗಳ ವಾಸದಲ್ಲಿ, ಔಷಧಿಯಿಲ್ಲದೆಯೇ, ರೋಗಲಕ್ಷಣಗಳ ಅಳತೆ ಹೆಚ್ಚುಕಡಿಮೆ ಶೇಕಡಾ ೨೦ರಷ್ಟು ಇಳಿದಿತ್ತು. ಅಲ್ಲಿ ವಿಶೇಷ ವಿಧಿಗಳೇನೂ ಇರಲಿಲ್ಲ. ಮನೆಯವರು ಜೊತೆಗಿದ್ದರು, ರೋಗಿಯನ್ನು ಯಾರೂ ಹೀಗಳೆಯುತ್ತಿರಲಿಲ್ಲ, ಗುಡಿಯ ಸಣ್ಣಪುಟ್ಟ ಕೆಲಸಗಳಿದ್ದವು. ಅಧ್ಯಯನ ಚಿಕ್ಕದು, ಹೋಲಿಸಿ ನೋಡಲು ಬೇರೊಂದು ಗುಂಪೂ ಇರಲಿಲ್ಲ. ಇದನ್ನು ಹಿಡಿದು ಮಾತ್ರೆ ಬಿಡುವುದು ಅವಿವೇಕ. ಆದರೆ ಆದರ, ಸಂಗಡಿಗರು, ಕೈಗೊಂದು ಕೆಲಸ ಇವೂ ಚಿಕಿತ್ಸೆಯ ಅಂಗಗಳೆಂಬುದಕ್ಕೆ ಇದು ಸಾಕ್ಷಿ.

ಮಂಗಳೂರಿನಲ್ಲಿ ೧೯೨೩ರಲ್ಲಿ ಜನಿಸಿ, ಈ ನಗರದ ಕೀಳ್ಪಾಕ್ ಮನೋರೋಗ ಆಸ್ಪತ್ರೆಯನ್ನು ೧೯೬೧ರಿಂದ ೧೯೭೮ರವರೆಗೆ ನಡೆಸಿದ ಡಾ. ಶಾರದಾ ಮೆನನ್ ಅವರು ಇದನ್ನು ಬಲ್ಲವರಾಗಿದ್ದರು. ೧೯೮೪ರಲ್ಲಿ ಅವರು ಆರಂಭಿಸಿದ ಸ್ಕಾರ್ಫ್ ಸಂಸ್ಥೆಯಲ್ಲಿ ಔಷಧಿಯ ಜೊತೆಗೆ ಉದ್ಯೋಗ ತರಬೇತಿಯೂ ಮನೆಯವರಿಗೆ ತಿಳಿವಳಿಕೆಯೂ ಸೇರಿಕೊಂಡಿವೆ. ಔಷಧಿಯಿಂದ ಕಿವಿಯೊಳಗಿನ ಮಾತುಗಳು ಅಡಗುತ್ತವೆ, ನಿದ್ರೆ ಬರುತ್ತದೆ. ಆಮೇಲೆ ತಾನೇ ಬುದ್ಧಿವಾದ ಕೇಳಿಸುವುದು, ಜಪದಲ್ಲಿ ಚಿತ್ತ ನಿಲ್ಲುವುದು?

ವೈದ್ಯವಿಲ್ಲದ ನಂಬಿಕೆ ಎಲ್ಲಿಗೆ ಮುಟ್ಟಬಹುದೆಂಬುದನ್ನೂ ಈ ರಾಜ್ಯ ಕಂಡಿದೆ. ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಗುಣಶಕ್ತಿಯನ್ನು ನಂಬಿ ಮನೆಯವರು ಬಿಟ್ಟುಹೋಗಿದ್ದ ರೋಗಿಗಳನ್ನು ಗುಡಿಸಲಿನಲ್ಲಿ ಸರಪಳಿಯಿಂದ ಬಿಗಿಯಲಾಗಿತ್ತು. ೨೦೦೧ರ ಆಗಸ್ಟ್ ೬ರಂದು ಬೆಂಕಿ ಬಿದ್ದಾಗ ೨೮ ಮಂದಿ ಓಡಲಾರದೆ ಸತ್ತರು. ನಂಬಿಕೆಯನ್ನು ನಾವು ದೂರುತ್ತಿಲ್ಲ, ಸರಪಳಿಯನ್ನು ದೂರುತ್ತಿದ್ದೇವೆ. ತಿರುಚಿರಾಪಳ್ಳಿಯ ಸಮೀಪ ಕಾವೇರಿಯ ದಡದ ಗುಣಶೀಲದಲ್ಲಿ ಪ್ರಸನ್ನ ವೆಂಕಟಾಚಲಪತಿಯ ಸನ್ನಿಧಿಗೆ ಇಂದಿಗೂ ಮನೋರೋಗಿಗಳು ಬಂದು ೪೮ ದಿನ ಸೇವೆ ಮಾಡುತ್ತಾರೆ. ಅಲ್ಲಿ ಅವರಿಗೆ ತೀರ್ಥಪ್ರಸಾದವೂ ಉಂಟು, ಮನೋವೈದ್ಯರ ತಪಾಸಣೆಯೂ ಉಂಟು.

ಇನ್ನು ಏಕಾದಶಿಯ ವಿಷಯ. ವ್ರತವನ್ನು ಕೆಡಿಸದ ಎಂಟರಲ್ಲಿ ಗುರುವಚನದೊಡನೆ ಔಷಧವನ್ನೂ ಧರ್ಮಶಾಸ್ತ್ರ ಎಣಿಸಿದೆ. ಏಕಾದಶಿಯಲ್ಲಿ ನಮ್ಮ ಸಂಪ್ರದಾಯ ಹೆಚ್ಚು ಕಟ್ಟುನಿಟ್ಟೆಂಬುದು ನಿಜ. ಆದರೂ ಅಶಕ್ತರಿಗೆ, ರೋಗಿಗಳಿಗೆ ಅನುಕಲ್ಪವನ್ನು ಹಿರಿಯರು ಹೇಳಿಯೇ ಇದ್ದಾರೆ. ಲಿಥಿಯಂ ಸೇವಿಸುವವರಿಗಂತೂ ಮಾತ್ರೆ ಬಿಡುವುದಕ್ಕಿಂತ ನೀರು ಬಿಡುವುದೇ ದೊಡ್ಡ ಅಪಾಯ. ಶರೀರದಲ್ಲಿ ನೀರೂ ಉಪ್ಪೂ ಕಡಿಮೆಯಾದರೆ ಮೂತ್ರಪಿಂಡಗಳು ಆ ಔಷಧಿಯನ್ನು ಹೊರಹಾಕದೆ ಉಳಿಸಿಕೊಳ್ಳುತ್ತವೆ, ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಕೈ ನಡುಕ, ವಾಂತಿ, ತೂರಾಡುವ ನಡಿಗೆ, ಗೊಂದಲ ಕಂಡರೆ ಪಾರಣೆಯವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಚೆನ್ನೈನ ಬೇಸಿಗೆಯಲ್ಲಿ ನಿರ್ಜಲ ಉಪವಾಸವೂ, ಉಪ್ಪು ಬಿಡುವ ವ್ರತಗಳೂ ಇಂಥವರಿಗೆ ಸಲ್ಲವು. ಬಿಟ್ಟುಹೋದ ಮಾತ್ರೆಯನ್ನು ಮರುದಿನ ಸೇರಿಸಿ ನುಂಗುವುದೂ ಸಲ್ಲದು. ಆ ತಾಯಿಗೆ ನಮ್ಮ ಉತ್ತರ ಇಷ್ಟೇ: ಮಗನು ನೀರು ಕುಡಿಯಲಿ, ಮಾತ್ರೆ ನುಂಗಲಿ, ಶಕ್ತಿಯಿದ್ದಷ್ಟು ಹರಿನಾಮ ಸ್ಮರಿಸಲಿ, ಯಾವ ವ್ರತವನ್ನು ಹಿಡಿಯುವ ಮೊದಲೂ ವೈದ್ಯರನ್ನು ಕೇಳಲಿ.

ಊರಿನಿಂದ ಬಂದ ಹಿರಿಯರಿಗೆ ತಮಿಳು ಬಾರದೆ, ವೈದ್ಯರೆದುರು ಮನಸ್ಸಿನ ಮಾತು ಆಡಲಾಗದೆ ಮೌನವಾಗಿ ಕುಳಿತಿರುವ ಮನೆಗಳೂ ನಮ್ಮಲ್ಲಿವೆ. ಕೇಂದ್ರ ಸರ್ಕಾರ ೨೦೨೨ರಲ್ಲಿ ಆರಂಭಿಸಿದ ಟೆಲಿ ಮಾನಸ್ ದೂರವಾಣಿಯ ಭಾಷೆಗಳಲ್ಲಿ ಕನ್ನಡವೂ ಇದೆ. ಸಂಖ್ಯೆ ೧೪೪೧೬, ಹಗಲಿರುಳೂ ಲಭ್ಯ, ಶುಲ್ಕವಿಲ್ಲ.