ಅಜ್ಜಿಗೆ ಹೇಳದ ಸಾವು

ನೂರು ಕಾಲ ಬಾಳು ಎಂದು ಹರಸುವವರು, ಅಷ್ಟು ಬಾಳಿದವರು ಎಷ್ಟು ಸಾವು ನೋಡಬೇಕೆಂದು ಲೆಕ್ಕ ಹಾಕುವುದಿಲ್ಲ. ಕುಂಬ್ರದ ನಮ್ಮ ಅಜ್ಜಿಗೆ 96. ಮುಂಬೈಯಲ್ಲಿದ್ದ ದೊಡ್ಡ ಮಾವ ತೀರಿಕೊಂಡಾಗ ಮನೆಯವರೆಲ್ಲ ಸೇರಿ ತೀರ್ಮಾನಿಸಿದರು: ಅಜ್ಜಿಗೆ ಹೇಳುವುದು ಬೇಡ, ಎದೆ ಒಡೆದೀತು.

ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನಮ್ಮದು ಅಳಿಯಸಂತಾನದ ಮನೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲಾಗಲು ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮತ್ತಷ್ಟು ಬದಲಿಸಿತು. ಬಳಿ ಮಾತ್ರ ಇಂದಿಗೂ ತಾಯಿಯದೇ. (ಯಜಮಾನಿಕೆ ಹೆಚ್ಚಾಗಿ ಮಾವಂದಿರ ಕೈಯಲ್ಲೇ ಇತ್ತು, ಅದು ಬೇರೆ ಮಾತು.) ಮಾವ ಅಜ್ಜಿಯ ಕುಟುಂಬದವರು, ಸೂತಕ ಮೊದಲು ಅಜ್ಜಿಗೆ. ಅವರಿಗೆ ಮದುವೆಯೆಂದು ಹೇಳಿ ಬೊಜ್ಜ ಮುಗಿಸಿ ಬಂದರು.

ಪ್ರೀತಿಯಿಂದ ಹೇಳಿದ ಸುಳ್ಳಂತೆ. ಯಾರ ಮೇಲಿನ ಪ್ರೀತಿ? ಅಜ್ಜಿ ಅಳುವುದನ್ನು ನೋಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅಷ್ಟೇ. ಗಂಡನನ್ನೂ ಎರಡು ಮಕ್ಕಳನ್ನೂ ಕಳಕೊಂಡು, ಮರುದಿನ ಬೆಳಿಗ್ಗೆ ಹಟ್ಟಿಗೆ ಹೋಗಿ ಹಾಲು ಕರೆದವರು ಅವರು. ದುಃಖ ತಾಳುವ ಅಭ್ಯಾಸ ಇದ್ದರೆ ಅವರೊಬ್ಬರಿಗೇ.

ಆಟಿ ಬಂತು. ತೀರಿಹೋದವರಿಗೆ ಬಡಿಸುವಾಗ ಬಾಳೆಲೆ ಎಣಿಸಿ ಇಡುವುದು ಅಜ್ಜಿಯೇ. ಚಿಕ್ಕಮ್ಮ ಮೆಲ್ಲಗೆ ಒಂದು ಎಲೆ ಹೆಚ್ಚು ತಂದಿಟ್ಟರು. ಅಜ್ಜಿ ನೋಡಿದರು. "ಅವನಿಗೆ ಮೀನು ಇಷ್ಟ, ಎರಡು ತುಂಡು ಹಾಕು" ಎಂದರು. ಎಂದಿನಿಂದ ಗೊತ್ತಿತ್ತೋ, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಮರೆವು ಕವಿದವರ ಮಾತು ಬೇರೆ. ದಿನವೂ ಹೊಸದಾಗಿ ಕೇಳಿ, ದಿನವೂ ಹೊಸದಾಗಿ ಅಳಬೇಕಾದವರಿಗೆ ನಾನೂ ಹೇಳಲಾರೆ. ನಮ್ಮ ಅಜ್ಜಿಗೆ ಇವತ್ತಿನ ಅಡಿಕೆ ಧಾರಣೆ ಗೊತ್ತು.