ನಿದ್ರೆಯೂ ಪ್ರಸಾದವಾಗಲಿ



ರಾತ್ರಿಯೆಲ್ಲ ಮಲಗಿದ್ದೂ ಬೆಳಗ್ಗೆ ಬಳಲಿಕೆ ಹೋಗದಿರುವುದು ಈಗ ಮನೆಮನೆಯ ಮಾತಾಗಿದೆ. ಮಠಕ್ಕೆ ಬರುವ ಗೃಹಸ್ಥರಲ್ಲಿ ಹಲವರು ಕುಶಲ ವಿಚಾರಿಸಿದೊಡನೆ ಹೇಳುವುದು ಇದನ್ನೇ: "ನಿದ್ದೆಗೇನೂ ಕಡಮೆಯಿಲ್ಲ, ಏಳುವಾಗ ಮಾತ್ರ ದಿನವೆಲ್ಲ ನೇಗಿಲು ಹಿಡಿದವನ ಮೈಯಂತಿರುತ್ತದೆ." ನೇಗಿಲು ಹಿಡಿದವನು ಹಾಗೆ ನುಡಿದರೆ ಆಶ್ಚರ್ಯವಿಲ್ಲ. ನೆರಳಿನಲ್ಲಿ ಕುಳಿತು ದುಡಿದು, ಏಳೆಂಟು ತಾಸು ಮಲಗಿ ಎದ್ದವರೂ ಹಾಗೆಯೇ ನುಡಿದರೆ ವಿಚಾರಿಸಬೇಕಾಗುತ್ತದೆ. ದಣಿದೆದ್ದವನಿಗೆ ಕರಸ್ಥಲದ ಲಿಂಗದಲ್ಲಿ ದೃಷ್ಟಿ ನಿಲ್ಲದು. ಕಾಯಕದಲ್ಲಿ ಕೈ ಸಾಗದು. ಮನೆಮಂದಿಯೊಡನೆ ಆಡುವ ಮಾತೂ ಸಿಡುಕಾಗುವುದು. ಆದುದರಿಂದ ಇದು ವೈದ್ಯರೊಬ್ಬರ ವಿಷಯವಲ್ಲ, ಧರ್ಮದ ವಿಷಯವೂ ಹೌದು.

ನಮ್ಮ ಪೂರ್ವಿಕರು ನಿದ್ರೆಯನ್ನು ಹಗುರವಾಗಿ ಎಣಿಸಿದವರಲ್ಲ. ಆಹಾರ, ನಿದ್ರೆ, ಬ್ರಹ್ಮಚರ್ಯಗಳೆಂಬ ಮೂರು ಊರೆಗಂಬಗಳ ಮೇಲೆ ಶರೀರವು ನಿಂತಿದೆಯೆಂದು ಚರಕಸಂಹಿತೆ ಹೇಳುತ್ತದೆ. ಸುಶ್ರುತಸಂಹಿತೆಯ ಶಾರೀರಸ್ಥಾನವು ಇನ್ನೂ ಸೂಕ್ಷ್ಮವಾದ ವಿವೇಚನೆಯನ್ನು ಮಾಡಿದೆ. ದುಡಿಯದೆಯೇ ಮೈಯಲ್ಲಿ ಬೆಳೆಯುವ ದಣಿವಿಗೆ ಅದು 'ಕ್ಲಮ'ವೆಂದು ಹೆಸರಿಟ್ಟಿದೆ. ಅದರಲ್ಲಿ ಏದುಸಿರಿಲ್ಲ, ಆದರೆ ಇಂದ್ರಿಯಗಳು ತಮ್ಮ ತಮ್ಮ ವಿಷಯಗಳನ್ನು ಸರಿಯಾಗಿ ಗ್ರಹಿಸದಂತೆ ಅದು ತಡೆಯುತ್ತದೆ. 'ಆಲಸ್ಯ'ಕ್ಕೆ ಅಲ್ಲಿ ಬೇರೆಯೇ ಲಕ್ಷಣವಿದೆ: ಶಕ್ತಿಯಿದ್ದೂ ಕರ್ಮದಲ್ಲಿ ಉತ್ಸಾಹವಿಲ್ಲದಿರುವುದು. ಶಕ್ತಿಯಿದ್ದೂ ಮಾಡದಿರುವುದು ಆಲಸ್ಯ. ಶಕ್ತಿಯೇ ಸೋರಿಹೋಗಿರುವುದು ಕ್ಲಮ. ಇವೆರಡನ್ನೂ ಒಂದೇ ಎಂದು ತಿಳಿದರೆ ದೊಡ್ಡ ಅನ್ಯಾಯವಾಗುತ್ತದೆ.

ಆ ಅನ್ಯಾಯವನ್ನು ಮಾಡಿದವನು ನಾನೇ. ಗ್ರಂಥದಲ್ಲಿ ಈ ಲಕ್ಷಣಗಳನ್ನು ಓದಿ, ವಿದ್ಯಾರ್ಥಿಗಳಿಗೆ ಪಾಠ ಹೇಳಿದ ನಾನು ನನ್ನ ಮನೆಯಲ್ಲಿ ಕ್ಲಮವನ್ನು ಆಲಸ್ಯವೆಂದು ಕರೆದೆ. ನಮ್ಮ ಮನೆಯವರು ಕೆಲವು ವರ್ಷಗಳ ಹಿಂದೆ ರಾತ್ರಿ ಹತ್ತಕ್ಕೆ ಮಲಗಿ ಐದೂವರೆಗೆ ಏಳುತ್ತಿದ್ದರು. ಎದ್ದವರು ಒಲೆಯ ಮುಂದೆ ಗೋಡೆಗೊರಗಿ ಕುಳಿತುಬಿಡುತ್ತಿದ್ದರು. "ಇಷ್ಟು ಮಲಗಿಯೂ ದಣಿವೆಂದರೆ ಮನಸ್ಸಿನ ಜಡತೆ, ಜಪವನ್ನು ಹೆಚ್ಚಿಸು" ಎಂದು ನಾನು ಉಪದೇಶಿಸಿದೆ. ಅವರು ಹೆಚ್ಚಿಸಿದರು. ಒಂದು ದಿನ ನೀರಿನ ಕೊಡವನ್ನೆತ್ತಲು ಹೋಗಿ ಕಣ್ಣು ಕತ್ತಲಿಟ್ಟು ಬಿದ್ದರು. ರಕ್ತಪರೀಕ್ಷೆಯಲ್ಲಿ 12 ಗ್ರಾಂ ಇರಬೇಕಾಗಿದ್ದ ಹಿಮೋಗ್ಲೋಬಿನ್ 7 ಗ್ರಾಂಗೆ ಇಳಿದಿತ್ತು. ವೈದ್ಯರು, "ಅಮ್ಮಾ, ನೀವು ಊಟ ಮಾಡುವುದು ಯಾವಾಗ?" ಎಂದು ಕೇಳಿದರು. "ಎಲ್ಲರದೂ ಆದ ಮೇಲೆ" ಎಂದರು ಅವರು. ಎಲ್ಲರದೂ ಆದ ಮೇಲೆ ಪಾತ್ರೆಯಲ್ಲಿ ಏನು ಉಳಿಯುತ್ತಿತ್ತೆಂದು ಮೂವತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ. ಮನೆಗೆ ಬಂದ ಮೇಲೆ ಅವರು ಸಿಟ್ಟಿಲ್ಲದೆ ಒಂದು ಮಾತು ಕೇಳಿದರು: "ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಎಷ್ಟು ಸಲ ಹೇಳಿದ್ದೀರಿ, ಆ ತಾಯಿ ಉಂಡಳೋ ಇಲ್ಲವೋ ಎಂದು ಯಾರಾದರೂ ಕೇಳಿದ್ದುಂಟೆ?" ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತೇವೆ. ಕಬ್ಬಿಣಾಂಶದ ಔಷಧವೂ ನಡೆಯಿತು. ಕೆಲವು ತಿಂಗಳಲ್ಲಿ ಅವರು ಚೇತರಿಸಿಕೊಂಡರು.

ಇದು ಒಂದು ಮನೆಯ ಮಾತಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಊಟದೊಡನೆ ಕುಡಿಯುವ ಚಹಾ ಕಾಫಿಗಳು ಕಬ್ಬಿಣಾಂಶವು ಮೈಗೆ ಹತ್ತುವುದನ್ನು ತಡೆಯುತ್ತವೆ. ಇನ್ನು ನಾವು ಶಾಕಾಹಾರಿಗಳು. ಬಿ-12 ಎಂಬ ಜೀವಸತ್ವವು ಸೊಪ್ಪು ಕಾಳುಗಳಲ್ಲಿ ದೊರೆಯುವುದಿಲ್ಲ. ಹಾಲು ಮೊಸರುಗಳಿಂದ ಸ್ವಲ್ಪಮಟ್ಟಿಗೆ ದೊರೆಯುತ್ತದೆ. ಅದು ಕಡಮೆಯಾದರೂ ನಿಶ್ಶಕ್ತಿಯುಂಟಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ. ಥೈರಾಯಿಡ್ ಗ್ರಂಥಿಯ ದೋಷ, ಸಕ್ಕರೆಕಾಯಿಲೆಗಳೂ ಹೀಗೆಯೇ ದಣಿಸುತ್ತವೆ. ದೊಡ್ಡದಾಗಿ ಗೊರಕೆ ಹೊಡೆಯುವವರಲ್ಲಿ ಕೆಲವರಿಗೆ ನಿದ್ರೆಯಲ್ಲಿ ಉಸಿರಾಟವೇ ಮೇಲಿಂದ ಮೇಲೆ ನಿಂತು ನಿಂತು ಸಾಗುತ್ತದೆ. ಅದು ಮಲಗಿದವನಿಗೆ ತಿಳಿಯದು, ಪಕ್ಕದವರಿಗೆ ತಿಳಿಯುವುದು. ಅಂಥವನು ಎಂಟು ತಾಸು ಮಲಗಿದರೂ ನಿದ್ರೆ ತುಂಡುತುಂಡಾಗಿ, ಹಗಲಲ್ಲಿ ಕುಳಿತಲ್ಲೇ ತೂಕಡಿಸುವನು. ಯಾವುದರಲ್ಲಿಯೂ ಸವಿಯಿಲ್ಲದೆ ವಾರಗಟ್ಟಲೆ ಮನಸ್ಸು ಕುಗ್ಗಿದ್ದರೆ ಅದೂ ರೋಗವೇ, ಅದಕ್ಕೂ ಚಿಕಿತ್ಸೆಯುಂಟು. ಅಂಗವು ಲಿಂಗಕ್ಕೆ ಆಶ್ರಯವಾದುದು. ಅದರ ರೋಗವನ್ನು ಪರೀಕ್ಷಿಸದೆ ಪಾಪವೆಂದೋ ಸೋಮಾರಿತನವೆಂದೋ ಜರೆಯುವುದು ಭಕ್ತಿಯಲ್ಲ. ಆದುದರಿಂದ ಮೊದಲು ವೈದ್ಯರಲ್ಲಿಗೆ ಹೋಗಿರಿ. ಉಪದೇಶಕ್ಕೆ ಆಮೇಲೆ ಬನ್ನಿರಿ.

ವೈದ್ಯರು ದೋಷವಿಲ್ಲವೆಂದ ಮೇಲೆಯೂ ಉಳಿಯುವ ದಣಿವೊಂದುಂಟು. ಅದನ್ನೀಗ ವಿಚಾರಿಸೋಣ.

ಪೇಟೆಯಲ್ಲಿ ವ್ಯಾಪಾರ ಮಾಡುವ ಗೃಹಸ್ಥರೊಬ್ಬರು ನನ್ನಲ್ಲಿಗೆ ಬಂದಿದ್ದರು. ಎಲ್ಲ ಪರೀಕ್ಷೆಗಳೂ ಆಗಿದ್ದವು, ಯಾವುದರಲ್ಲಿಯೂ ಕೊರತೆಯಿರಲಿಲ್ಲ. "ರಾತ್ರಿ ಮಲಗುವ ಮುನ್ನ ಕಡೆಯದಾಗಿ ಏನು ಮಾಡುವಿರಿ?" ಎಂದು ಕೇಳಿದೆ. "ಮೊಬೈಲಿನಲ್ಲಿ ದಿನದ ಲೆಕ್ಕ ನೋಡುತ್ತೇನೆ." "ಎದ್ದೊಡನೆ?" "ಅದನ್ನೇ ನೋಡುತ್ತೇನೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮುಂದುವರಿದರು. ತಂದೆಯವರು ಲಿಂಗೈಕ್ಯರಾದ ಮೇಲೆ ತಮ್ಮನಿಗೆ ಸಲ್ಲಬೇಕಾದ ಅಂಗಡಿಯ ಪಾಲನ್ನು ಇಂದು ನಾಳೆಯೆಂದು ಆರು ವರ್ಷ ಮುಂದೂಡಿದ್ದರಂತೆ. ತಮ್ಮನು ಕೇಳುತ್ತಿರಲಿಲ್ಲ; ಆದರೆ ಹಬ್ಬಕ್ಕೆ ಬರುವುದನ್ನು ಬಿಟ್ಟಿದ್ದನಂತೆ.

ಕೆಲವು ಹಳೆಯ ಹಾದಿಗಳ ಬದಿಯಲ್ಲಿ ಎದೆಯೆತ್ತರಕ್ಕೆ ನಿಲ್ಲಿಸಿದ ಕಲ್ಲುಗಳನ್ನು ನೀವು ನೋಡಿರಬಹುದು. ತಲೆಹೊರೆ ಹೊತ್ತು ನಡೆಯುವವನು ಇನ್ನೊಬ್ಬರ ನೆರವಿಲ್ಲದೆಯೇ ಹೊರೆಯನ್ನು ಅದರ ಮೇಲಿಳಿಸಿ, ದಣಿವಾರಿಸಿಕೊಂಡು, ಮತ್ತೆ ಹೊತ್ತು ನಡೆಯುವುದಕ್ಕಾಗಿ ಹಿಂದಿನವರು ಮಾಡಿಸಿದ ಪುಣ್ಯಕಾರ್ಯವದು. ಹೊರೆಯನ್ನು ಇಳಿಸದೆ ಆ ಕಲ್ಲಿಗೆ ಒರಗಿ ನಿಂತರೆ ಎಷ್ಟು ಹೊತ್ತು ನಿಂತರೂ ಕತ್ತಿನ ನೋವು ಹೋಗುವುದೆ? ನಾವು ಮಾಡುತ್ತಿರುವುದು ಅದನ್ನೇ. ಮಲಗುವುದು ಬೇರೆ, ಇಳಿಸುವುದು ಬೇರೆ. ಮೈ ಹಾಸಿಗೆಗಿಳಿದರೂ ಮನವು ಹೊತ್ತದ್ದನ್ನು ಹೊತ್ತೇ ಇರುತ್ತದೆ. ಜಾಗ್ರದಲ್ಲಿ ಹೊತ್ತದ್ದು ಸ್ವಪ್ನದಲ್ಲಿಯೂ ಬೆನ್ನಟ್ಟುತ್ತದೆ. ಸುಷುಪ್ತಿಯ ತಂಪು ಅದಕ್ಕೆ ತಟ್ಟುವುದೇ ಇಲ್ಲ.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಿರಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ, ನಮಗೆ ಬೇಕಾದುದು ಎಂದಿನ ಅಳತೆ, ಮಿಕ್ಕುದನ್ನು ಅಲ್ಲಿಯೇ ಚೆಲ್ಲಿ ಬನ್ನಿರೆಂದು ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಇದನ್ನು ನಾವು ನಿರ್ಲೋಭದ ಕಥೆಯೆಂದು ಹೇಳುತ್ತೇವೆ, ಸರಿಯೇ. ಆದರೆ ಇದು ವಿಶ್ರಾಂತಿಯ ಕಥೆಯೂ ಹೌದು. ಹೆಚ್ಚು ತಂದ ಹಿಡಿ ಅಕ್ಕಿ ತೂಕದಲ್ಲಿ ಅಲ್ಪ. ಆದರೆ ಅದು ಮನೆಯೊಳಗೆ ಉಳಿದರೆ ನಾಳಿನ ಚಿಂತೆ ಮನೆಯೊಳಗೆ ಬರುತ್ತದೆ. ಕಾಯುವ ಚಿಂತೆ, ಕೂಡಿಡುವ ಚಿಂತೆ, ಅದು ಕಾಯಕದ್ದೋ ಆಸೆಯದ್ದೋ ಎಂಬ ಅಳುಕು. ಆ ಅಳುಕನ್ನು ಆ ತಾಯಿ ಹೊಸ್ತಿಲು ದಾಟಗೊಡಲಿಲ್ಲ. ಸತ್ಯಶುದ್ಧ ಕಾಯಕವು ಮೈಯನ್ನು ದಣಿಸಬಹುದು. ಅದು ಶ್ರಮ; ನಿದ್ರೆ ಅದನ್ನು ನೀಗುತ್ತದೆ. ಆಸೆಯೂ ಅನ್ಯಾಯವೂ ತಂದ ಭಾರವನ್ನು ಯಾವ ಹಾಸಿಗೆಯೂ ನೀಗದು.

ಹಾಗಾದರೆ ಇಳಿಸುವುದು ಎಲ್ಲಿ? ನಮಗೆ ಕಲ್ಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಶ್ರೀಗುರುವು ಕರುಣಿಸಿದ ಇಷ್ಟಲಿಂಗವು ನಮ್ಮ ಎದೆಯ ಮೇಲೆಯೇ ಇದೆ. ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲದ ಮರ್ಮವೇನು? ಲಿಂಗಕ್ಕೆ ಅರ್ಪಿಸಿದುದೇ ಪ್ರಸಾದವಾಗಿ ತಿರುಗಿ ಬರುತ್ತದೆಂಬುದು. ಅನ್ನವನ್ನು ಅರ್ಪಿಸಿ ಉಣ್ಣುವ ನಾವು ಹಗಲನ್ನು ಅರ್ಪಿಸದೆ ಮಲಗುವುದೇಕೆ? ಅರ್ಪಿಸದೆ ಮಲಗಿದರೆ ಅದು ಬರಿಯ ನಿದ್ರೆ. ಅರ್ಪಿಸಿ ಮಲಗಿದರೆ ನಿದ್ರೆಯೂ ಪ್ರಸಾದ.

ಇದಕ್ಕೆ ಹೆಚ್ಚು ವೇಳೆ ಬೇಡ. ಮಲಗುವ ಮುನ್ನ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಕೈಕಾಲು ಮುಖ ತೊಳೆದು, ಭಸ್ಮ ಧರಿಸಿ, ಲಿಂಗವನ್ನು ಕರಸ್ಥಲದಲ್ಲಿ ಹಿಡಿದು ಮೂರನ್ನು ಇಳಿಸಿರಿ. ಮೊದಲನೆಯದು, ಇಂದಿನ ಗಳಿಕೆ: ಅದರಲ್ಲಿ ಮತ್ತೊಬ್ಬರದೇನಾದರೂ ಸೇರಿದ್ದರೆ ನಾಳೆ ಬೆಳಗ್ಗೆ ಹಿಂದಿರುಗಿಸುವೆನೆಂದು ಸಂಕಲ್ಪಿಸಿರಿ. ಎರಡನೆಯದು, ಇಂದಿನ ಮಾತು: ಮನೆಯಲ್ಲಿ ಯಾರನ್ನಾದರೂ ನೋಯಿಸಿದ್ದರೆ ಅವರು ಮಲಗುವುದಕ್ಕೆ ಮುಂಚೆಯೇ ಒಂದು ಒಳ್ಳೆಯ ಮಾತನಾಡಿರಿ. ಮೂರನೆಯದು, ನಾಳೆ: ಅದು ಇನ್ನೂ ನಮ್ಮ ಕೈಗೆ ಬಂದಿಲ್ಲ, ಕೊಡುವವನ ಕೈಯಲ್ಲೇ ಇರಲಿ. ಇದರೊಡನೆ ಗೃಹಸ್ಥರು ಮತ್ತೊಂದನ್ನು ನೋಡಿಕೊಳ್ಳಬೇಕು. ನಮ್ಮ ಹೊರೆಯನ್ನು ಇಳಿಸುವ ಭರದಲ್ಲಿ ಅದನ್ನು ಮನೆಯ ತಾಯಿಯ ತಲೆಗೆ ಹೊರಿಸಬಾರದು. ಕಡೆಗೆ ಮಲಗಿ ಮೊದಲು ಏಳುವವಳ ಬೆನ್ನಿನ ಮೇಲೆ ನಡೆಯುವ ದಾಸೋಹವು ದಾಸೋಹವಲ್ಲ.

ಆ ವ್ಯಾಪಾರಿಗಳು ಕೆಲವು ತಿಂಗಳ ನಂತರ ಮತ್ತೆ ಬಂದರು. ತಮ್ಮನ ಪಾಲನ್ನು ಕೊಟ್ಟಿದ್ದರು. ಕೊಡಲು ಸ್ವಲ್ಪ ಸಾಲವನ್ನೂ ಮಾಡಿದ್ದರು. "ದಣಿವು ಹೋಯಿತೆ?" ಎಂದು ಕೇಳಿದೆ. "ವಯಸ್ಸಿನ ದಣಿವು ಇದ್ದೇ ಇದೆ. ಆದರೆ ಈಗ ಎಚ್ಚರವಾದೊಡನೆ ಕೈ ಎದೆಯ ಲಿಂಗವನ್ನು ಹುಡುಕುತ್ತದೆ. ಮೊದಲು ಮೊಬೈಲನ್ನು ಹುಡುಕುತ್ತಿತ್ತು. ಈ ಸಲದ ಯುಗಾದಿಗೆ ತಮ್ಮ ಬಂದಿದ್ದ" ಎಂದರು.

ಅಷ್ಟಾದರೆ ಸಾಕು. ಮೈಯ ರೋಗಕ್ಕೆ ಮದ್ದು, ಮನೆಯ ತಾಯಿಗೆ ಹೊತ್ತಿಗೆ ಸರಿಯಾಗಿ ಅನ್ನ, ಮನದ ಹೊರೆಗೆ ಲಿಂಗದ ಸನ್ನಿಧಿ. ಈ ಮೂರೂ ಒದಗಿದ ಮನೆಯಲ್ಲಿ ರಾತ್ರಿ ಪ್ರಸಾದವಾಗುವುದು, ಬೆಳಗು ಪೂಜೆಗೆ ಯೋಗ್ಯವಾಗುವುದು. ಅಂಥ ಬೆಳಗನ್ನು ಪರಶಿವನು ನಿಮ್ಮೆಲ್ಲರ ಮನೆಗಳಿಗೂ ಕರುಣಿಸಲಿ.